ಪಯೋನಿಯರ್ ಬೆಟ್ಟದ ಸದ್ದು: ಮೂವತ್ತು ವರ್ಷದ ಲೆಕ್ಕ

ಸಾಂಟಾ ಕ್ಲಾರಾದಿಂದ 280ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ, 92ನೇ ರಸ್ತೆಗೆ ತಿರುಗಿ, ಗುಡ್ಡ ಹತ್ತಿ ಇಳಿದರೆ ಹಾಫ್ ಮೂನ್ ಬೇ. ಊರಿಂದ ಬಂದ ಅಪ್ಪ ಅಮ್ಮನಿಗೆ ಕಡಲು ತೋರಿಸಬೇಕೆಂದರೆ ಇಲ್ಲಿನ ಕನ್ನಡದ ಮನೆಗಳು ಮೊದಲು ಹೊರಡುವುದು ಆ ದಾರಿಯಲ್ಲೇ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಪಿಲ್ಲರ್ ಪಾಯಿಂಟ್ ಬಂದರು. ಏಡಿ ಹಿಡಿಯುವ ದೋಣಿಗಳು, ಹಿಂದೆ ಒಂದು ಗುಡ್ಡ, ಗುಡ್ಡದ ಮೇಲೆ ಬಾಹ್ಯಾಕಾಶ ಪಡೆಯ ರಾಡಾರು. ಆ ಗುಡ್ಡದ ಬುಡದಿಂದ ಒಂದು ಕೇಬಲ್ಲು ನೀರಿಗಿಳಿದು, 95 ಕಿಲೋಮೀಟರ್ ಉದ್ದಕ್ಕೆ ಪೆಸಿಫಿಕ್ಕಿನ ತಳದಲ್ಲಿ ಮಲಗಿ, ಪಯೋನಿಯರ್ ಎಂಬ ಕಡಲಡಿಯ ಬೆಟ್ಟವನ್ನು ಮುಟ್ಟುತ್ತಿತ್ತು ಎಂಬುದು ದಡದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಎಷ್ಟೋ ವರ್ಷ ನನಗೂ ಗೊತ್ತಿರಲಿಲ್ಲ.

ಆ ಕೇಬಲ್ಲಿನ ತುದಿಯಲ್ಲಿ, ಸುಮಾರು 940 ಮೀಟರ್ ಆಳದಲ್ಲಿ, ಒಂದು ಧ್ವನಿಯಂತ್ರವಿತ್ತು. 1995ರ ಡಿಸೆಂಬರಿನಲ್ಲಿ ಅದು ಕೆಲಸ ಶುರುಮಾಡಿತು. ನಾಲ್ಕು ಗಂಟೆಗೊಮ್ಮೆ 20 ನಿಮಿಷ, 75 ಹರ್ಟ್ಸ್‌ನ ತಗ್ಗಿದ ದನಿಯಲ್ಲಿ ಅದು ಗುನುಗುತ್ತಿತ್ತು. ಸಾವಿರಾರು ಕಿಲೋಮೀಟರ್ ಆಚೆ, ಹವಾಯಿಯ ಬಳಿ, ಕಿರಿಬಾಟಿಯ ಕಿರಿತಿಮಾತಿ ದ್ವೀಪದ ಬಳಿ, ಅಮೆರಿಕದ ನೌಕಾಪಡೆಯ ಕಡಲಡಿಯ ಕಿವಿಗಳಲ್ಲಿ ಆ ಗುನುಗು ಕೇಳಿಸುತ್ತಿತ್ತು. ಕಡಲಿನ ಜ್ವರ ನೋಡಲು ಮನುಷ್ಯ ಹಚ್ಚಿದ ಥರ್ಮಾಮೀಟರು ಅದು. ಹೆಸರು ಅಟಾಕ್, ಬಿಡಿಸಿ ಹೇಳಿದರೆ, ಸದ್ದಿನಿಂದ ಸಾಗರದ ತಾಪ ಅಳೆದು ಹವಾಮಾನ ತಿಳಿಯುವ ಯೋಜನೆ. ಈಗ ಅದಕ್ಕೆ ಮೂವತ್ತು ವರ್ಷ ತುಂಬಿದೆ. ಏನು ಸಿಕ್ಕಿತು, ಏನು ಕಳೆಯಿತು ಎಂದು ಕೂತು ಲೆಕ್ಕ ಹಾಕುವ ಹೊತ್ತು.

ಲೆಕ್ಕದ ಬುಡದಲ್ಲಿರುವ ಭೌತಶಾಸ್ತ್ರ ಬಹಳ ಸರಳ. ನೀರು ಬಿಸಿಯಾದಷ್ಟೂ ಅದರಲ್ಲಿ ಸದ್ದು ಬೇಗ ಓಡುತ್ತದೆ. 1826ರಲ್ಲಿ ಕೊಲಾಡೋನ್ ಮತ್ತು ಸ್ಟುರ್ಮ್ ಜಿನೀವಾ ಸರೋವರದ ನೀರೊಳಗೆ ಗಂಟೆ ಬಾರಿಸಿ, ದೂರದ ದೋಣಿಯಲ್ಲಿ ಕಿವಿಗೊಟ್ಟು, ಎಂಟು ಡಿಗ್ರಿಯ ನೀರಿನಲ್ಲಿ ಸದ್ದು ಸೆಕೆಂಡಿಗೆ 1,435 ಮೀಟರ್ ಹೋಗುತ್ತದೆಂದು ಅಳೆದರು. ಕಡಲಿನಲ್ಲಿ ಅದು ಸುಮಾರು 1,500 ಮೀಟರ್. ತಾಪ ಒಂದು ಡಿಗ್ರಿ ಏರಿದರೆ ವೇಗ ನಾಲ್ಕರಿಂದ ಐದು ಮೀಟರ್ ಹೆಚ್ಚುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾದೀತು ಎನಿಸಬಹುದು. ಆದರೆ 5,000 ಕಿಲೋಮೀಟರ್ ದೂರಕ್ಕೆ ಸದ್ದು ತಲುಪಲು ಸುಮಾರು 55 ನಿಮಿಷ ಬೇಕು. ಆ ದಾರಿಯುದ್ದಕ್ಕೂ ನೀರು ಒಂದು ಡಿಗ್ರಿ ಬಿಸಿಯಾದರೆ ಸದ್ದು ಹತ್ತು ಸೆಕೆಂಡ್ ಮೊದಲೇ ಬಂದುಬಿಡುತ್ತದೆ. ಡಿಗ್ರಿಯ ಸಾವಿರದಲ್ಲಿ ಐದು ಪಾಲು ಬಿಸಿಯಾದರೂ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಮೊದಲು ಬರುತ್ತದೆ. ಗಡಿಯಾರಕ್ಕೆ ಅದು ದೊಡ್ಡ ಅಂತರ. ಒಂದು ಹಡಗು ನಿಂತಲ್ಲಿ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟರೆ ಆ ಜಾಗದ, ಆ ದಿನದ ಸುಳಿಯ ತಾಪ ಸಿಗುತ್ತದೆ. ಸದ್ದು ಮಾತ್ರ ಸಾವಿರ ಸುಳಿಗಳನ್ನು ಹಾದುಬಂದು ಇಡೀ ದಾರಿಯ ಸರಾಸರಿಯನ್ನು ಒಂದೇ ಉಸಿರಿಗೆ ಹೇಳುತ್ತದೆ.

ಅಷ್ಟು ದೂರ ಸದ್ದು ಬದುಕುಳಿಯುವುದು ಹೇಗೆ? ಕಡಲಿನೊಳಗೇ ಅದಕ್ಕೊಂದು ಕಾಲುವೆ ಇದೆ. ಮೇಲಿನ ಬೆಚ್ಚನೆಯ ನೀರಿನಲ್ಲಿ ಸದ್ದಿನ ವೇಗ ಹೆಚ್ಚು, ತೀರಾ ಆಳದಲ್ಲಿ ಒತ್ತಡದಿಂದಾಗಿ ಮತ್ತೆ ಹೆಚ್ಚು, ನಡುವಿನ ಒಂದು ಪದರದಲ್ಲಿ ಕಡಿಮೆ. ಆ ಪದರಕ್ಕೆ ಬಿದ್ದ ಸದ್ದು ಮೇಲೆ ಹೋಗಲು ನೋಡಿದರೆ ಬಾಗಿ ಕೆಳಗೆ ಬರುತ್ತದೆ, ಕೆಳಗೆ ಹೋದರೆ ಬಾಗಿ ಮೇಲೆ ಬರುತ್ತದೆ. ಕಡಲ ಮೈಯನ್ನೂ ತಳವನ್ನೂ ತಾಗದೆ, ಸವೆಯದೆ, ಅಲ್ಲಲ್ಲೇ ತೂಗುತ್ತಾ ಸಾಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಮಾರಿಸ್ ಯೂಯಿಂಗ್, ಸೋವಿಯತ್ ದೇಶದ ಬ್ರೆಕೋವ್‌ಸ್ಕಿಖ್ ಇಬ್ಬರೂ ತಂತಮ್ಮ ದಾರಿಯಲ್ಲಿ ಇದನ್ನು ಕಂಡುಕೊಂಡರು. 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಬಳಿ ನೀರೊಳಗೆ ಸಿಡಿಸಿದ ಮದ್ದಿನ ಸದ್ದು ಭೂಗೋಳದ ಇನ್ನೊಂದು ಬದಿಯ ಬರ್ಮುಡಾದಲ್ಲಿ 3 ಗಂಟೆ 43 ನಿಮಿಷದ ಬಳಿಕ ಕೇಳಿಸಿತು. ಶೀತಲ ಸಮರದ ನೌಕಾಪಡೆಗಳಿಗೆ ಈ ಕಾಲುವೆ ಜಲಾಂತರ್ಗಾಮಿಗಳನ್ನು ಕದ್ದು ಕೇಳುವ ಗೋಡೆಯಾಯಿತು. ಅದೇ ಗೋಡೆಗೆ ಕಿವಿಯಿಟ್ಟರೆ ಕಡಲಿನ ಆರೋಗ್ಯವೂ ಕೇಳೀತು ಎಂದು 1979ರಲ್ಲಿ ಬರೆದು ತೋರಿಸಿದವರು ವಾಲ್ಟರ್ ಮಂಕ್ ಮತ್ತು ಕಾರ್ಲ್ ವುನ್ಷ್.

ಮಂಕ್ ವಿಯೆನ್ನಾದಲ್ಲಿ 1917ರಲ್ಲಿ ಹುಟ್ಟಿ, ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಬಾಳು ಕಳೆದು, 2019ರಲ್ಲಿ 101 ವರ್ಷದವರಾಗಿ ತೀರಿಕೊಂಡರು. ಅವರ ಅತಿ ಧೈರ್ಯದ ಪ್ರಯೋಗ ನಡೆದದ್ದು ನಮ್ಮ ಹಿಂದೂ ಮಹಾಸಾಗರದಲ್ಲಿ. 1991ರ ಜನವರಿಯಲ್ಲಿ ದಕ್ಷಿಣದ ಹಿಮಗಾಳಿಯ ಹರ್ಡ್ ದ್ವೀಪದ ಬಳಿ ಕೋರಿ ಶೂಯೆಸ್ಟ್ ಎಂಬ ಹಡಗು ನಿಂತು 57 ಹರ್ಟ್ಸ್‌ನ ಸದ್ದನ್ನು ಹೊರಡಿಸಿತು. ಅಲ್ಲಿಂದ ಆಫ್ರಿಕಾವನ್ನು ಸುತ್ತಿ ಅಟ್ಲಾಂಟಿಕ್ಕಿಗೂ, ಆಸ್ಟ್ರೇಲಿಯಾವನ್ನು ಬಳಸಿ ಪೆಸಿಫಿಕ್ಕಿಗೂ ನೇರ ದಾರಿಗಳಿವೆ. ಭಾರತವೂ ಸೇರಿ ಹಲವು ದೇಶಗಳು ಕಿವಿಗೊಟ್ಟು ಕೂತಿದ್ದವು. ಸುಮಾರು 18,000 ಕಿಲೋಮೀಟರ್ ದೂರದ ಅಮೆರಿಕದ ಪಶ್ಚಿಮ ತೀರದಲ್ಲೂ ಸದ್ದು ಸಿಕ್ಕಿತು. ಹತ್ತು ದಿನಕ್ಕೆಂದು ಹಾಕಿಕೊಂಡ ಪ್ರಯೋಗವನ್ನು ಬಿರುಗಾಳಿ ಆರನೇ ದಿನಕ್ಕೇ ಮುಗಿಸಿತು, ಯಂತ್ರಗಳನ್ನೇ ಮುರಿದುಹಾಕಿತು. ಆದರೆ ಕೇಳಬೇಕಾದ ಪ್ರಶ್ನೆಗೆ ಉತ್ತರ ಅಷ್ಟರಲ್ಲಿ ಬಂದಾಗಿತ್ತು: ಸಾಗರದಿಂದ ಸಾಗರಕ್ಕೆ ಸದ್ದು ತಲುಪುತ್ತದೆ.

ಅದರ ಬೆನ್ನಿಗೇ ಬಂದದ್ದು ಕ್ಯಾಲಿಫೋರ್ನಿಯಾದ ಯೋಜನೆ. ಸುಮಾರು 3.5 ಕೋಟಿ ಡಾಲರ್, ರಕ್ಷಣಾ ಇಲಾಖೆಯ ಪರಿಸರ ನಿಧಿಯಿಂದ. ಮೊದಲು ಯಂತ್ರ ಇಡಲು ಆರಿಸಿದ ಜಾಗ ಬಿಗ್ ಸರ್ ತೀರದಾಚೆ, ಮಾಂಟೆರೆ ಕೊಲ್ಲಿಯ ಸಾಗರ ಅಭಯಧಾಮದ ಒಳಗೆ. ಇಲ್ಲೇ ಕಲಹ ಹತ್ತಿಕೊಂಡಿತು.

1994ರ ವಸಂತದಲ್ಲಿ ಪತ್ರಿಕೆಗಳಲ್ಲಿ 195 ಡೆಸಿಬೆಲ್ ಎಂಬ ಅಂಕಿ ಕಂಡದ್ದೇ ತಡ, ಜನ ಅದನ್ನು ಜೆಟ್ ವಿಮಾನದ ಗರ್ಜನೆಯ ಪಕ್ಕದಲ್ಲಿಟ್ಟು ನೋಡಿದರು. ತಿಮಿಂಗಿಲಗಳ ಕಿವಿ ಒಡೆಯುತ್ತದೆ ಎಂಬ ಭಯ ಊರೂರು ಹಬ್ಬಿತು. ನೀರಿನ ಡೆಸಿಬೆಲ್ಲಿಗೂ ಗಾಳಿಯ ಡೆಸಿಬೆಲ್ಲಿಗೂ ಅಳತೆಗೋಲೇ ಬೇರೆ. ಎರಡನ್ನೂ ಶಕ್ತಿಯ ಲೆಕ್ಕದಲ್ಲಿ ಸರಿದೂಗಿಸಲು ನೀರಿನ ಅಂಕಿಯಿಂದ ಸುಮಾರು 62 ಕಳೆಯಬೇಕು. ಯಂತ್ರ ಹೊರಡಿಸುತ್ತಿದ್ದ ಧ್ವನಿಶಕ್ತಿ 260 ವಾಟ್. ನೀಲಿ ತಿಮಿಂಗಿಲದ ಕೂಗೇ ಅದೇ ಅಳತೆಯಲ್ಲಿ 188 ಡೆಸಿಬೆಲ್ ಮುಟ್ಟುತ್ತದೆ. ಇಷ್ಟನ್ನು ಮೊದಲ ದಿನವೇ, ಊರಿನ ಸಭೆಯಲ್ಲಿ ನಿಂತು, ಸರಳ ಮಾತಿನಲ್ಲಿ ಹೇಳಿದ್ದರೆ ಅರ್ಧ ಭಯ ಕರಗುತ್ತಿತ್ತು. ವಿಜ್ಞಾನಿಗಳು ಹೇಳಲಿಲ್ಲ. ಹೇಳುವ ಹೊತ್ತಿಗೆ ಕೇಳುವವರ ನಂಬಿಕೆ ಹೋಗಿತ್ತು. ಆ ತಪ್ಪನ್ನು ನಾನು ಅವರ ಖಾತೆಗೇ ಬರೆಯುತ್ತೇನೆ.

ಹಾಗೆಂದು ವಿರೋಧಿಸಿದವರನ್ನು ಅರಿಯದವರೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ದೊಡ್ಡ ತಿಮಿಂಗಿಲಗಳು ಮಾತಾಡಿಕೊಳ್ಳುವುದೂ ಇದೇ ತಗ್ಗಿನ ದನಿಯಲ್ಲಿ. ಅವುಗಳ ಕಿವಿಯ ಬಗ್ಗೆ ಆಗ ತಿಳಿದದ್ದು ಅತ್ಯಲ್ಪ. ಅವರ ಪ್ರಶ್ನೆ ಇಷ್ಟೇ: ಗೊತ್ತಿಲ್ಲದ ಮೇಲೆ ಮೊದಲು ತಿಳಿದುಕೊಳ್ಳಬೇಡವೇ? ಆ ಪ್ರಶ್ನೆ ಗೆದ್ದಿತು. ಯಂತ್ರದ ಜಾಗ ಅಭಯಧಾಮದ ಹೊರಗೆ, ದಡದಿಂದ ಸುಮಾರು 88 ಕಿಲೋಮೀಟರ್ ದೂರದ ಪಯೋನಿಯರ್ ಬೆಟ್ಟಕ್ಕೆ ಸರಿಯಿತು. ಸದ್ದನ್ನು ಒಮ್ಮೆಲೇ ಬಿಡದೆ ಮೊದಲ ಐದು ನಿಮಿಷ ಮೆಲ್ಲಗೆ ಏರಿಸಬೇಕೆಂದಾಯಿತು. ಪ್ರಾಣಿಗಳ ಅಧ್ಯಯನಕ್ಕೇ ಮೊದಲ ಮಣೆ, ತಾಪದ ಅಳತೆ ಅದರ ಹಿಂದೆ ಎಂದಾಯಿತು. 1995ರ ನವೆಂಬರಿನಲ್ಲಿ ಪರೀಕ್ಷೆಯ ಸದ್ದು ಬಿಟ್ಟ ಹೊತ್ತಿಗೇ ಮೂರು ಹಂಪ್‌ಬ್ಯಾಕ್ ತಿಮಿಂಗಿಲಗಳು ಸತ್ತು ತೇಲಿದವು. ಪ್ರಸಾರ ನಿಲ್ಲಿಸಿ ತನಿಖೆ ಮಾಡಿದರು. ಸದ್ದಿಗೂ ಸಾವಿಗೂ ನಂಟಿದೆಯೆಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ತನಿಖೆ ಮುಗಿಯುವವರೆಗೆ ನಿಲ್ಲಿಸಿದ್ದೇ ಸರಿ ಎಂದು ನನ್ನ ಎಣಿಕೆ.

ಆ ಅಧ್ಯಯನಗಳಲ್ಲಿ ನನಗೆ ಅತಿ ಇಷ್ಟವಾದದ್ದು ಆನ್ಯೋ ನ್ಯೂವೋದ ಆನೆಸೀಲುಗಳದ್ದು. ಹಾಫ್ ಮೂನ್ ಬೇಯಿಂದ ಒಂದನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಮರಳದಂಡೆ; ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡದ ಸಾಂಟಾ ಕ್ಲಾರಾದ ಕುಟುಂಬ ಕಡಿಮೆ. ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದ ಡ್ಯಾನ್ ಕೋಸ್ಟಾ ಮತ್ತು ಸಂಗಡಿಗರು ಈ ಸೀಲುಗಳ ಬೆನ್ನಿಗೆ ಅಳತೆಯ ಪೆಟ್ಟಿಗೆ ಅಂಟಿಸಿ, ಹಡಗಿನಲ್ಲಿ ಒಯ್ದು ದೂರದ ನೀರಿಗೆ ಬಿಟ್ಟರು. ಅವು ತಮ್ಮ ದಂಡೆಗೆ ಮರಳುವ ಪ್ರಾಣಿಗಳು. ಮರಳುವ ದಾರಿಯಲ್ಲಿ ಯಂತ್ರದ ಬಳಿ ಹಾದುಬಂದವು. ನೂರಾರು ಮೀಟರ್ ಆಳಕ್ಕೆ ಮುಳುಗುವ ಅವುಗಳ ಪೆಟ್ಟಿಗೆ ಎಷ್ಟು ಸದ್ದು ಕೇಳಿಸಿತು, ಆಗ ಎಷ್ಟು ಆಳದಲ್ಲಿದ್ದವು, ಎಲ್ಲವನ್ನೂ ಬರೆದಿಟ್ಟಿತ್ತು. ಮುಳುಗುವ ರೀತಿಯಲ್ಲಿ ಸೂಕ್ಷ್ಮ ಬದಲಾವಣೆ ಕಂಡಿತೇ ಹೊರತು ಸೀಲುಗಳು ಹೆದರಿ ಓಡಲಿಲ್ಲ, ದಾರಿ ತಪ್ಪಲಿಲ್ಲ. ವಿಮಾನದಿಂದ ಎಣಿಸಿದವರಿಗೆ ಮಾತ್ರ ಹಂಪ್‌ಬ್ಯಾಕ್ ಮತ್ತು ಸ್ಪರ್ಮ್ ತಿಮಿಂಗಿಲಗಳು ಸದ್ದಿದ್ದಾಗ ಯಂತ್ರದಿಂದ ತುಸು ಹೆಚ್ಚು ದೂರ ಇದ್ದಂತೆ ಕಂಡಿತು. ಕಾಡುಪ್ರಾಣಿಯೊಂದು ಆಳದಲ್ಲಿ ಏನು ಕೇಳುತ್ತದೆ ಎಂದು ಅದರ ಬೆನ್ನ ಮೇಲೇ ಕೂತು ಕೇಳುವ ವಿದ್ಯೆಗೆ ಈ ಕಲಹ ದೊಡ್ಡ ನೂಕು ಕೊಟ್ಟಿತು. ವಿರೋಧಿಗಳಿಲ್ಲದಿದ್ದರೆ ಈ ಜ್ಞಾನ ಇಷ್ಟು ಬೇಗ ಬರುತ್ತಿರಲಿಲ್ಲ.

ಇನ್ನು ತಾಪದ ಅಳತೆಗೆ ಬರೋಣ. ಸಾಂಟಾ ಕ್ಲಾರಾ ಕಣಿವೆಯಲ್ಲಿ ಚಿಪ್ ವಿನ್ಯಾಸ ಮಾಡುವ, ಗದ್ದಲದಿಂದ ಸಂಕೇತ ಹೆಕ್ಕುವ ಕೆಲಸ ಮಾಡುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಿಗೆ ಇದು ಖುಷಿ ಕೊಡುವ ಭಾಗ. ಯಂತ್ರ ಸುಮ್ಮನೆ ಊಳಿಡುತ್ತಿರಲಿಲ್ಲ. 1,023 ಅಂಕಿಗಳ ಒಂದು ಸಂಕೇತಮಾಲೆಯನ್ನು 27.28 ಸೆಕೆಂಡಿನಲ್ಲಿ ನುಡಿದು, ಅದನ್ನೇ 44 ಸಲ ಹೇಳುತ್ತಿತ್ತು. ಇಪ್ಪತ್ತು ನಿಮಿಷ ಮುಗಿಯುವುದು ಹೀಗೆ. ದೂರದ ಕಿವಿಗೆ ಬರುವ ಹೊತ್ತಿಗೆ ಆ ದನಿ ಕಡಲಿನ ಗದ್ದಲದಲ್ಲಿ ಮುಳುಗಿಹೋಗಿರುತ್ತದೆ. ಮಾಲೆ ಗೊತ್ತಿದ್ದವರು ಮಾತ್ರ ಅದನ್ನು ಎಳೆಯೆಳೆಯಾಗಿ ಮೇಲೆತ್ತಬಲ್ಲರು. ನಮ್ಮ ಫೋನಿನ ಜಿಪಿಎಸ್ ಉಪಗ್ರಹದ ಕ್ಷೀಣ ದನಿಯನ್ನು ಹಿಡಿಯುವುದೂ 1,023 ಅಂಕಿಗಳ ಇಂಥ ಮಾಲೆಯಿಂದಲೇ. 260 ವಾಟ್‌ನಲ್ಲಿ ಒಂದು ಮಹಾಸಾಗರವನ್ನು ದಾಟಲು ಸಾಧ್ಯವಾದದ್ದು ಗಂಟಲಿನ ಬಲದಿಂದ ಅಲ್ಲ, ಈ ಗಣಿತದಿಂದ.

1998ರ ಆಗಸ್ಟಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲ ಪ್ರಕಟವಾಯಿತು. ಉಪಗ್ರಹಗಳು ಕಡಲಮಟ್ಟ ಏರಿದ್ದನ್ನು ನೋಡಿ ನೀರು ಹಿಗ್ಗಿತು, ಅಂದರೆ ಬಿಸಿಯಾಯಿತು ಎಂದು ಊಹಿಸುವ ರೂಢಿಯಿತ್ತು. ಋತುವಿನಿಂದ ಋತುವಿಗೆ, ವರ್ಷದಿಂದ ವರ್ಷಕ್ಕೆ ಆಗುವ ಮಟ್ಟದ ಬದಲಾವಣೆಯಲ್ಲಿ ಸುಮಾರು ಅರ್ಧ ಮಾತ್ರ ತಾಪದ್ದು ಎಂದು ಸದ್ದು ತೋರಿಸಿತು. ಆಕಾಶದಿಂದ ನೋಡಿದರೆ ಸಾಲದು, ನೀರಿನ ಒಡಲೊಳಗೆ ಹಾದುಬಂದ ಸಾಕ್ಷಿಯೂ ಬೇಕು ಎಂಬುದನ್ನು ಅಂಕಿಯಲ್ಲಿ ಹೇಳಿದ ಲೇಖನ ಅದು.

ಕ್ಯಾಲಿಫೋರ್ನಿಯಾದ ಯಂತ್ರ 1999ರ ಹೊತ್ತಿಗೆ ಮೌನವಾಯಿತು. ಹವಾಯಿಯ ಕವಾಯಿ ದ್ವೀಪದ ಬಳಿಯಿದ್ದ ಅದರ ಜೊತೆಗಾರ 1997ರಿಂದ 1999, ಮತ್ತೆ 2002ರಿಂದ 2006ರವರೆಗೆ ದುಡಿಯಿತು. ಎರಡನ್ನೂ ಸೇರಿಸಿ ನೋಡಿದ ದಶಕದ ಲೆಕ್ಕ 2009ರಲ್ಲಿ ಬಂತು. ವರ್ಷ ವರ್ಷದ ಏರಿಳಿತವೇ ಎಷ್ಟು ದೊಡ್ಡದೆಂದರೆ, ಬಿಸಿಯಾಗುತ್ತಿದೆ ಎಂದಾಗಲಿ ತಣ್ಣಗಾಗುತ್ತಿದೆ ಎಂದಾಗಲಿ ಎಲ್ಲ ದಾರಿಗಳಿಗೂ ಒಪ್ಪುವ ಒಂದೇ ಮಾತು ಹೇಳಲಾಗಲಿಲ್ಲ. ಇದನ್ನು ಕೆಲವರು ಸೋಲು ಎಂದರು. ನನಗೆ ಹಾಗನ್ನಿಸುವುದಿಲ್ಲ. ಮಳೆಯ ಲೆಕ್ಕ ಮೂರು ವರ್ಷ ಬರೆದು ಮುಂಗಾರು ಬದಲಾಯಿತೇ ಎಂದು ಕೇಳಿದರೆ ಆಗುಂಬೆಯಲ್ಲೂ ಉತ್ತರ ಸಿಗದು. ಹವಾಮಾನಕ್ಕೆ ದಶಕಗಳ ಬರಹ ಬೇಕು. ಸದ್ದಿನ ಥರ್ಮಾಮೀಟರು ಸರಿಯಾಗಿಯೇ ಕೆಲಸ ಮಾಡಿತು. ಅದಕ್ಕೆ ವಯಸ್ಸಾಗಲು ನಾವು ಬಿಡಲಿಲ್ಲ.

ಬಿಡದೆ ಕಳೆದುಕೊಂಡದ್ದು ಏನೆಂದು 2014ರಲ್ಲಿ ಗೊತ್ತಾಯಿತು. ಆ ವರ್ಷದಿಂದ 2016ರವರೆಗೆ ಈಶಾನ್ಯ ಪೆಸಿಫಿಕ್ಕಿನಲ್ಲಿ ಬೆಚ್ಚಗಿನ ನೀರಿನ ಒಂದು ಬೃಹತ್ ರಾಶಿ ಬಂದು ಕೂತಿತು. ಬ್ಲಾಬ್ ಎಂದು ಕರೆದರು. ವಿಷ ಹುಟ್ಟಿಸುವ ಪಾಚಿ ಹಬ್ಬಿತು. 2015ರ ನವೆಂಬರಿನಲ್ಲಿ ಶುರುವಾಗಬೇಕಿದ್ದ ಏಡಿಯ ಹಂಗಾಮು ಮಧ್ಯ ಕ್ಯಾಲಿಫೋರ್ನಿಯಾದಲ್ಲಿ ಮುಂದಿನ ಮಾರ್ಚ್ ಕೊನೆಗೆ ಹೋಯಿತು. ಪಿಲ್ಲರ್ ಪಾಯಿಂಟಿನ ದೋಣಿಗಳು ಬಲೆಬುಟ್ಟಿ ಹೇರಿಕೊಂಡು ತಿಂಗಳುಗಟ್ಟಲೆ ದಡದಲ್ಲೇ ನಿಂತವು. ಆ ಬಿಸಿ ಎಷ್ಟು ಆಳಕ್ಕೆ ಇಳಿಯಿತು, ಎಷ್ಟು ದೂರ ಹರಡಿತು ಎಂದು ದಿನಕ್ಕೆ ಆರು ಸಲ ಹೇಳಬಹುದಾಗಿದ್ದ ಯಂತ್ರ ಇದ್ದದ್ದು ಅದೇ ಬಂದರಿನ ಮುಂದೆ. ಅದು ನಿಂತು ಹದಿನೈದು ವರ್ಷ ಕಳೆದಿತ್ತು.

ಕೇಬಲ್ಲಿನ ಕಥೆಯೂ ಇದೇ ಜಾಡಿನದು. ಧ್ವನಿಯಂತ್ರ ನಿಂತ ಮೇಲೆ 2001ರಲ್ಲಿ ಅದರ ತುದಿಗೆ ಹೈಡ್ರೋಫೋನುಗಳನ್ನು ಕಟ್ಟಿ, ಮಾತಾಡುವ ಬದಲು ಕೇಳುವ ಕೆಲಸಕ್ಕೆ ಹಚ್ಚಿದರು. ತಿಮಿಂಗಿಲಗಳೂ ಹಡಗುಗಳೂ ಭೂಕಂಪಗಳೂ ಕೇಳಿಸುತ್ತಿದ್ದವು. 2002ರಲ್ಲಿ ಕೇಬಲ್ಲು ಹರಿಯಿತು. ಮರುವರ್ಷ ಮಾಂಟೆರೆ ಕೊಲ್ಲಿಯ ಸಂಶೋಧನಾ ಸಂಸ್ಥೆಯವರು ರೋಬೊ ಇಳಿಸಿ ಅದರ ಉದ್ದಕ್ಕೂ ನೋಡಿಬಂದರು. ದಡದ ಬಂಡೆಗಳ ಬಳಿ ಅಲೆಗೆ ಉಜ್ಜಿ ಸವೆದಿತ್ತು. ಆಳದಲ್ಲಿ, ಬರೀ ಕೆಸರಿನ ತಳದಲ್ಲಿ, ಅಂಟಿಕೊಳ್ಳಲು ಗಟ್ಟಿ ನೆಲೆ ಸಿಕ್ಕಿತೆಂದು ಅನಿಮೋನ್ ಎಂಬ ಹೂವಿನಂಥ ಜೀವಿಗಳು ಅದರ ಮೇಲೆ ಸಾಲುಗಟ್ಟಿ ಬೆಳೆದಿದ್ದವು.

ಈ ಮೂವತ್ತು ವರ್ಷದಲ್ಲಿ ಬೇರೆ ದಾರಿಗಳು ತೆರೆದವು ಎಂಬುದು ನಿಜ. 1999ರಿಂದೀಚೆಗೆ ಬಿಟ್ಟ ಆರ್ಗೊ ತೇಲುಗಳು ಈಗ ನಾಲ್ಕು ಸಾವಿರದ ಹತ್ತಿರ ಇವೆ. ಎರಡು ಸಾವಿರ ಮೀಟರಿನವರೆಗೆ ಮುಳುಗಿ ಎದ್ದು ತಾಪ ಹೇಳುತ್ತವೆ. ಅದರ ಕೆಳಗೆ ಕಡಲಿನ ಅರ್ಧ ಭಾಗ ಇನ್ನೂ ಬಹುಪಾಲು ಕತ್ತಲಲ್ಲೇ ಇದೆ, ಹಿಮದ ಹೊದಿಕೆಯ ಅಡಿಯೂ ಹಾಗೆಯೇ. ಆರ್ಕ್ಟಿಕ್ಕಿನಲ್ಲಿ ಮೇಲೆ ಬಂದು ಉಪಗ್ರಹಕ್ಕೆ ಸುದ್ದಿ ಮುಟ್ಟಿಸಲು ತೇಲುಗಳಿಗೆ ಹಿಮ ಬಿಡುವುದಿಲ್ಲ. 1994ರ ಏಪ್ರಿಲಿನಲ್ಲಿ ಹಿಮದಡಿ 19.6 ಹರ್ಟ್ಸ್‌ನ ಸದ್ದು ಹಾಯಿಸಿದಾಗಲೇ ಅಟ್ಲಾಂಟಿಕ್ಕಿನಿಂದ ಬಂದ ನೀರಿನ ಪದರ ಬಿಸಿಯಾಗಿದ್ದುದು ತಿಳಿದುಬಂದಿತ್ತು. 2019–20ರಲ್ಲಿ ನಾರ್ವೆ ಮತ್ತು ಅಮೆರಿಕ ಕೂಡಿ ಅಂಥದೇ ಪ್ರಯೋಗವನ್ನು ಮತ್ತೆ ಮಾಡಿದವು.

ನಮಗೆ ಹತ್ತಿರದ ಸುದ್ದಿ 2020ರದ್ದು. ಕ್ಯಾಲ್‌ಟೆಕ್‌ನ ವೆನ್ಬೊ ವೂ ಮತ್ತು ಸಂಗಡಿಗರು ಯಂತ್ರವನ್ನೇ ಬಿಟ್ಟು, ಸುಮಾತ್ರಾದ ನಿಯಾಸ್ ದ್ವೀಪದ ಬಳಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆಗುವ ಸಣ್ಣ ಭೂಕಂಪಗಳ ಸದ್ದನ್ನು ಡಿಯೆಗೊ ಗಾರ್ಸಿಯಾದಲ್ಲಿ ಹಿಡಿದು ಹೋಲಿಸಿದರು. 2005ರಿಂದ 2016ರವರೆಗಿನ ದಾಖಲೆಯಿಂದ ಪೂರ್ವ ಹಿಂದೂ ಮಹಾಸಾಗರ ದಶಕಕ್ಕೆ 0.044 ಡಿಗ್ರಿ ಬಿಸಿಯಾಗುತ್ತಿದೆಯೆಂದು ಸಿಕ್ಕಿತು. ತಿಮಿಂಗಿಲಕ್ಕೆ ಹೊಸ ಕಿರಿಕಿರಿ ಇಲ್ಲ, ಪರವಾನಗಿಯ ಜಗಳವಿಲ್ಲ. ಆದರೆ ಭೂಕಂಪ ನಾವು ಕೇಳಿದಲ್ಲಿ, ಕೇಳಿದ ಹೊತ್ತಿಗೆ ಆಗುವುದಿಲ್ಲ. ಕರ್ನಾಟಕದ ತೀರದ ಮುಂದಿನ ಅರಬ್ಬೀ ಸಮುದ್ರದ ತಾಪವನ್ನು ನಾವು ಗೊತ್ತುಮಾಡಿದ ದಾರಿಯಲ್ಲಿ, ಗೊತ್ತುಮಾಡಿದ ಗಳಿಗೆಗೆ ಅಳೆಯಬೇಕಾದರೆ ಮನುಷ್ಯನೇ ಸದ್ದು ಮಾಡಬೇಕು.

ಆ ಸದ್ದನ್ನು ನಮ್ಮವರು ಮಾಡಿದ್ದಾರೆ ಎಂಬುದನ್ನು ಇಲ್ಲಿ ನೆನೆಯಲೇಬೇಕು. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1993ರ ಮೇ ತಿಂಗಳಿನಲ್ಲಿ ಪೂರ್ವ ಅರಬ್ಬೀ ಸಮುದ್ರದಲ್ಲಿ ಸದ್ದು ಹಾಯಿಸಿ ತಾಪ ಓದುವ ಪ್ರಯೋಗ ನಡೆಸಿದರು. ಪಯೋನಿಯರ್ ಬೆಟ್ಟ ಗುನುಗುವುದಕ್ಕೆ ಎರಡು ವರ್ಷ ಮೊದಲು! ಅದು ಕೆಲವು ದಿನಗಳ ಪ್ರಯೋಗ. ಅಂದಿನಿಂದ ಇಂದಿನವರೆಗೆ ಎಡೆಬಿಡದೆ ನಡೆದಿದ್ದರೆ ನಮ್ಮ ಕೈಯಲ್ಲಿ ಮೂವತ್ತಕ್ಕೂ ಹೆಚ್ಚು ಮುಂಗಾರುಗಳ ಕಡಲ ತಾಪದ ಪಟ್ಟಿ ಇರುತ್ತಿತ್ತು. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ಉಳ್ಳಾಲದಿಂದ ಕಾರವಾರದವರೆಗೆ ದಂಡೆಯನ್ನು ಕೊರೆದುಕೊಂಡು ಹೋದಾಗ ಅದರ ಹೊಟ್ಟೆಗೆ ಬಿದ್ದದ್ದು ಇದೇ ಸಮುದ್ರದ ಬಿಸಿ. ಉಪಗ್ರಹ ನೋಡುವುದು ನೀರಿನ ಚರ್ಮವನ್ನು. ಚಂಡಮಾರುತ ಉಣ್ಣುವುದು ಅದರ ಕೆಳಗಿನ ಹತ್ತಾರು ಮೀಟರಿನ ಬಿಸಿಯನ್ನು. ಮಲ್ಪೆಯ ಬೋಟಿನವರು ಬೂತಾಯಿ, ಬಂಗುಡೆ ಎತ್ತ ಹೋಯಿತೆಂದು ಫಿಶ್ ಫೈಂಡರಿನ ಪರದೆ ನೋಡುತ್ತಾ ಕೇಳುವ ಪ್ರಶ್ನೆಯ ಹಿಂದೆಯೂ ಇದೇ ತಾಪವಿದೆ. ಆ ಪರದೆಯಲ್ಲಿ ಮೂಡುವುದೂ ನೀರಿಗೆ ಬಿಟ್ಟ ಸದ್ದಿನ ಮರುದನಿಯೇ.

ತಿಮಿಂಗಿಲಗಳ ವಿಷಯದಲ್ಲಿ ಇನ್ನೊಂದು ಮಾತು ಹೇಳದೆ ಈ ಲೆಕ್ಕ ಮುಗಿಯದು. ಕ್ಯಾಲಿಫೋರ್ನಿಯಾದ ಪಾಯಿಂಟ್ ಸರ್ ಬಳಿಯ ಹೈಡ್ರೋಫೋನಿನಲ್ಲಿ 1960ರ ದಶಕದ ದಾಖಲೆಯನ್ನು 1990ರ ದಶಕದ್ದರೊಂದಿಗೆ ಹೋಲಿಸಿದಾಗ ತಗ್ಗಿನ ದನಿಯ ಗದ್ದಲ ಸುಮಾರು 10 ಡೆಸಿಬೆಲ್ ಏರಿತ್ತು. ಅಂದರೆ ಹತ್ತು ಪಟ್ಟು. ಅದರ ಮುಖ್ಯ ಕಾರಣ ಸರಕು ಹಡಗುಗಳು. ನಾಲ್ಕು ಗಂಟೆಗೊಮ್ಮೆ 20 ನಿಮಿಷ ಗುನುಗಿದ ಒಂದು ಯಂತ್ರಕ್ಕೆ ಸಭೆ, ವಿಚಾರಣೆ, ಪರವಾನಗಿ ಎಲ್ಲ ಆದವು, ಆಗಬೇಕಿತ್ತು. ಹಗಲಿರುಳು ಓಡಾಡುವ ಹಡಗಿನ ಎಂಜಿನ್ನುಗಳಿಗೂ ಅಷ್ಟೇ ಕಟ್ಟುನಿಟ್ಟಿನ ಪ್ರಶ್ನೆ ಕೇಳಬೇಕು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಾಯಲ್ಲಿ ಹಡಗುಗಳು ತಾವಾಗಿ ವೇಗ ತಗ್ಗಿಸುವ ಏರ್ಪಾಟು ನಡೆಯುತ್ತಿರುವುದು ಒಳ್ಳೆಯ ಆರಂಭ. ಮಂಗಳೂರಿನ ನವಬಂದರಿನ ಮುಂದೆಯೂ ಅದು ಬರಲಿ.

ಮಾಂಟೆರೆ ಕೊಲ್ಲಿಯ 900 ಮೀಟರ್ ಆಳದಲ್ಲಿ 2015ರಿಂದ ಒಂದು ಹೈಡ್ರೋಫೋನ್ ಕೇಳುತ್ತಾ ಕೂತಿದೆ. ಅದರ ದನಿಯನ್ನು ಸಾರ್ವಜನಿಕರೂ ಕೇಳಬಹುದು. ಸಾಂಟಾ ಕ್ಲಾರಾದಲ್ಲಿ ಸಂಕೇತಗಳ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರು ಒಂದು ಸಂಜೆ ಅದನ್ನು ಕೇಳಲಿ. ಆಮೇಲೆ ಗೋವಾದ ಆ ಹಳೆಯ ಪ್ರಯೋಗದ ವರದಿಗಳನ್ನು ಓದಲಿ. ಗೋವಾದ ಸಂಸ್ಥೆಗೂ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರಕ್ಕೂ, ಕರ್ನಾಟಕ ಸರ್ಕಾರಕ್ಕೂ ನನ್ನ ಕೋರಿಕೆ ಒಂದೇ. ಕಾರವಾರದಿಂದ ಲಕ್ಷದ್ವೀಪದ ಕಡೆಗೆ ಒಂದು ಸದ್ದಿನ ಸಾಲು ಹಾಕಿ. ಮೊದಲು ಮೀನುಗಾರರನ್ನು ಕೂರಿಸಿಕೊಂಡು ಡೆಸಿಬೆಲ್ ಎಂದರೇನೆಂದು ಹೇಳಿ, ನೀರಿನ ಪ್ರಾಣಿಗಳ ಅಧ್ಯಯನವನ್ನು ಅದರೊಂದಿಗೇ ನಡೆಸಿ. ಮೂವತ್ತು ವರ್ಷಕ್ಕೆ ಬೇಕಾಗುವ ಹಣವನ್ನು ಮೊದಲ ದಿನವೇ ಎತ್ತಿಡಿ.